ಹಚ್ಚದೆ ಬಿಟ್ಟ ದೀಪ

ಲಾಸ್ ಏಂಜಲೀಸ್ ನಗರದ ಒಂದು ಮನೆ. ಹೊರಗೆ ಕ್ಯಾಲಿಫೋರ್ನಿಯಾದ ಬಿಸಿಲು ರಾಚುತ್ತಿದೆ. ಕಾರಿನ ವಿಮೆಯನ್ನು ನವೀಕರಿಸಲೆಂದು ಬಂದ ಏಜೆಂಟನೊಬ್ಬ ಮನೆಯೊಡತಿಗಾಗಿ ನಡುಮನೆಯಲ್ಲಿ ಕಾಯುತ್ತಾನೆ. ಕಿಟಕಿಗಳಿಗೆ ಅಡ್ಡಪಟ್ಟಿಗಳ ಪರದೆ ಇಳಿಬಿಟ್ಟಿದೆ. ಅದರ ಸಂದುಗಳಿಂದ ಬಿಸಿಲು ಪಟ್ಟೆ ಪಟ್ಟೆಯಾಗಿ ಒಳಗೆ ಬಿದ್ದಿದೆ. ಆ ಪಟ್ಟೆಗಳಲ್ಲಿ ಧೂಳಿನ ಕಣಗಳು ತೇಲುತ್ತಿವೆ. ಯಾರೂ ಇನ್ನೂ ಯಾವ ತಪ್ಪನ್ನೂ ಮಾಡಿಲ್ಲ. ಆದರೂ ಈ ಮನೆಯಲ್ಲಿ ಏನೋ ಸರಿಯಿಲ್ಲ ಎಂದು ಪ್ರೇಕ್ಷಕನಿಗೆ ಅನ್ನಿಸಿಬಿಡುತ್ತದೆ.

ಬಿಲಿ ವೈಲ್ಡರ್ ನಿರ್ದೇಶಿಸಿದ 'ಡಬಲ್ ಇಂಡೆಮ್ನಿಟಿ' (1944) ಚಿತ್ರದ ಈ ಮನೆಯಲ್ಲಿ ತೇಲಿದ್ದು ನಿಜವಾದ ಧೂಳಲ್ಲ. ಛಾಯಾಗ್ರಾಹಕ ಜಾನ್ ಸೈಟ್ಸ್ ಅಲ್ಯೂಮಿನಿಯಂನ ನುಣುಪಾದ ಪುಡಿಯನ್ನು ಗಾಳಿಗೆ ಊದಿಸಿದ್ದರು. ಅದು ನಿಧಾನವಾಗಿ ಕೆಳಗಿಳಿಯುವಾಗ ದೀಪದ ಬೆಳಕನ್ನು ಹಿಡಿದು ಮಿನುಗುತ್ತಿತ್ತು. ಮೂಕಿಚಿತ್ರಗಳ ಕಾಲದಿಂದಲೂ ಕ್ಯಾಮೆರಾ ಹಿಡಿದಿದ್ದ, ಐವತ್ತು ದಾಟಿದ್ದ ಸೈಟ್ಸ್‌ಗೆ ಒಂದು ವಿಷಯ ಚೆನ್ನಾಗಿ ಗೊತ್ತಿತ್ತು. ಬೆಳಕು ತಾನಾಗಿ ಕಾಣುವುದಿಲ್ಲ. ಅದು ಬಿದ್ದು ನಿಲ್ಲಲು ಏನಾದರೂ ಬೇಕು, ಅದು ಧೂಳಾದರೂ ಸರಿ, ಹೊಗೆಯಾದರೂ ಸರಿ, ಮನುಷ್ಯನ ಮುಖವಾದರೂ ಸರಿ.

'ಫಿಲ್ಮ್ ನ್ವಾರ್' ಎಂದು ಇಂದು ಕರೆಯಲಾಗುವ ಚಿತ್ರಗಳ ಸಾಲಿನಲ್ಲಿ 'ಡಬಲ್ ಇಂಡೆಮ್ನಿಟಿ'ಗೆ ಮೊದಲ ಪಂಕ್ತಿಯ ಸ್ಥಾನವಿದೆ. ನ್ವಾರ್ ಎಂದರೆ ಫ್ರೆಂಚ್ ಭಾಷೆಯಲ್ಲಿ ಕಪ್ಪು. ಸ್ವಾರಸ್ಯವೆಂದರೆ, ಸೈಟ್ಸ್ ಆಗಲಿ ವೈಲ್ಡರ್ ಆಗಲಿ ಈ ಚಿತ್ರ ಮಾಡುವಾಗ ಆ ಹೆಸರನ್ನು ಕೇಳಿರಲಿಲ್ಲ. ಯುದ್ಧಕಾಲದಲ್ಲಿ ಫ್ರಾನ್ಸ್‌ಗೆ ಅಮೆರಿಕದ ಚಿತ್ರಗಳು ಬರುವುದು ನಿಂತುಹೋಗಿತ್ತು. 1946ರ ಬೇಸಿಗೆಯಲ್ಲಿ 'ದಿ ಮಾಲ್ಟೀಸ್ ಫಾಲ್ಕನ್', 'ಲಾರಾ', 'ಡಬಲ್ ಇಂಡೆಮ್ನಿಟಿ'ಯಂಥ ಚಿತ್ರಗಳು ಒಟ್ಟಿಗೇ ಪ್ಯಾರಿಸ್ಸಿನ ಪರದೆಗೆ ಬಂದವು. ಐದು ವರ್ಷಗಳ ಹಿಂದಿನ ಹಾಲಿವುಡ್ಡಿಗೂ ಇದಕ್ಕೂ ಸಂಬಂಧವೇ ಇಲ್ಲವಲ್ಲ ಎಂದು ಅಲ್ಲಿನ ವಿಮರ್ಶಕರು ಬೆರಗಾದರು. ಇಟಲಿ ಮೂಲದ ವಿಮರ್ಶಕ ನೀನೋ ಫ್ರಾಂಕ್ ಅದೇ ವರ್ಷ ಅವುಗಳಿಗೆ ಈ 'ಕಪ್ಪು' ಹೆಸರನ್ನು ಹಚ್ಚಿದರು. ಪ್ಯಾರಿಸ್ಸಿನಲ್ಲಿ ಅದಕ್ಕೆ ಒಂದು ವರ್ಷ ಮೊದಲು ಶುರುವಾಗಿದ್ದ ಪತ್ತೇದಾರಿ ಕಾದಂಬರಿಗಳ ಮಾಲೆಗೂ 'ಕಪ್ಪು ಮಾಲೆ' ಎಂಬರ್ಥದ ಹೆಸರೇ ಇತ್ತು. ಹಾಲಿವುಡ್ಡಿನಲ್ಲಿ ಮಾತ್ರ ಇವು ಇನ್ನೂ ಬಹುಕಾಲ ಬರೀ 'ಮೆಲೋಡ್ರಾಮಾ'ಗಳಾಗಿಯೇ ಉಳಿದವು.

ಹೆಸರು ಕಪ್ಪೆಂದ ಮಾತ್ರಕ್ಕೆ ಇವು ಕತ್ತಲೆಯ ಚಿತ್ರಗಳೆಂದು ಹೇಳಿ ಮುಗಿಸುವ ಹಾಗಿಲ್ಲ. ಪೂರ್ತಿ ಕತ್ತಲೆಯಲ್ಲಿ ಯಾವ ಕಥೆಯೂ ಕಾಣುವುದಿಲ್ಲ. ನ್ವಾರ್ ಚಿತ್ರಗಳು ಮಾಡಿದ್ದೇನೆಂದು ತಿಳಿಯಬೇಕಾದರೆ ಅವಕ್ಕೆ ಮೊದಲು ಸ್ಟುಡಿಯೋಗಳಲ್ಲಿ ದೀಪ ಹಚ್ಚುತ್ತಿದ್ದ ಕ್ರಮವನ್ನು ಸ್ವಲ್ಪ ನೋಡಬೇಕು.

1930ರ ದಶಕದ ಹೊತ್ತಿಗೆ ಒಂದು ಮುಖಕ್ಕೆ ಬೆಳಕು ಹಾಕುವ ವಿಧಾನ ಹಾಲಿವುಡ್ಡಿನಲ್ಲಿ ಬಹುಮಟ್ಟಿಗೆ ನಿಗದಿಯಾಗಿತ್ತು. ಅದಕ್ಕೆ ಮೂರು ದೀಪಗಳು. ಮೊದಲನೆಯದು 'ಕೀ ಲೈಟ್', ಒಂದು ಪಕ್ಕದಿಂದ, ತುಸು ಮೇಲಿನಿಂದ ಬೀಳುವ ಪ್ರಧಾನ ಬೆಳಕು. ಇದೊಂದೇ ಇದ್ದರೆ ಮೂಗಿನ ನೆರಳು ಕೆನ್ನೆಯ ಮೇಲೆ ಚಾಚುತ್ತದೆ, ಕಣ್ಣಿನ ಗುಳಿ ಕಪ್ಪಾಗುತ್ತದೆ, ಇನ್ನೊಂದು ಕೆನ್ನೆ ಮಾಯವಾಗುತ್ತದೆ. ಈ ನೆರಳುಗಳನ್ನು ತಿಳಿಗೊಳಿಸಲು ಎದುರು ಪಕ್ಕದಿಂದ ಹಾಕುವ ಮೆದುವಾದ ಬೆಳಕು 'ಫಿಲ್ ಲೈಟ್'. ಮೂರನೆಯ 'ಬ್ಯಾಕ್ ಲೈಟ್' ಹಿಂದಿನಿಂದ ತಲೆಗೂದಲಿಗೂ ಹೆಗಲಿಗೂ ಬೆಳ್ಳಿಯ ಅಂಚು ಕಟ್ಟಿ, ವ್ಯಕ್ತಿಯನ್ನು ಹಿನ್ನೆಲೆಯ ಗೋಡೆಯಿಂದ ಬಿಡಿಸಿ ನಿಲ್ಲಿಸುತ್ತದೆ. ಮೂರೂ ಹದವಾಗಿ ಕೂಡಿದಾಗ ಮುಖದಲ್ಲಿ ಗೋಪ್ಯವೆಂಬುದೇ ಉಳಿಯುವುದಿಲ್ಲ. ತಾರೆಯ ಚೆಲುವು ಪೂರ್ತಿ ಕಾಣುತ್ತದೆ, ಕಣ್ಣೀರು ಕಾಣುತ್ತದೆ, ಹೊಲಿಸಿದ ಉಡುಪಿನ ನೆರಿಗೆಯೂ ಕಾಣುತ್ತದೆ.

ನ್ವಾರ್‌ನ ಛಾಯಾಗ್ರಾಹಕರು ಮಾಡಿದ ಮುಖ್ಯ ಕೆಲಸವೆಂದರೆ ನಡುವಿನ ಆ ಎರಡನೆಯ ದೀಪವನ್ನು ಹಚ್ಚದೆ ಬಿಟ್ಟದ್ದು, ಇಲ್ಲವೇ ಕಂಡೂ ಕಾಣದಷ್ಟು ತಗ್ಗಿಸಿದ್ದು. ಇದನ್ನೇ 'ಲೋ ಕೀ' ಬೆಳಕು ಎನ್ನುತ್ತಾರೆ. ಪ್ರಧಾನ ದೀಪ ಮಂದವಾಗಿರುತ್ತದೆ ಎಂದು ಈ ಮಾತಿನಿಂದ ಅನೇಕರು ತಪ್ಪಾಗಿ ತಿಳಿಯುವುದುಂಟು. ನಿಜಕ್ಕೂ ಅದು ಪ್ರಖರವಾಗಿಯೇ ಇರಬಹುದು. ಪ್ರಧಾನ ಬೆಳಕಿಗೂ ಅದರ ನೆರಳನ್ನು ತುಂಬುವ ಬೆಳಕಿಗೂ ಇರುವ ಅಂತರ ಎಷ್ಟು ಹೆಚ್ಚೆಂಬುದೇ ಇಲ್ಲಿ ಲೆಕ್ಕ. ಇದರ ಜೊತೆಗೆ ದೀಪ ಇಡುವ ಜಾಗವೂ ಬದಲಾಯಿತು. ಗಲ್ಲದ ಕೆಳಗೆ ಟಾರ್ಚ್ ಹಿಡಿದು ತಮ್ಮಂದಿರನ್ನು ಹೆದರಿಸುವ ಮಕ್ಕಳಿಗೂ ಗೊತ್ತಿರುವ ಸಂಗತಿ ಇದು. ಸೂರ್ಯ ಮೇಲಿನಿಂದ ಬೆಳಗುವುದನ್ನೇ ಕಂಡ ಕಣ್ಣಿಗೆ ಕೆಳಗಿನಿಂದ ಬಿದ್ದ ಬೆಳಕು ಪರಿಚಿತ ಮುಖವನ್ನೂ ಅಪರಿಚಿತ ಮಾಡುತ್ತದೆ. ಮೋಡದ ದಿನದ ಹರಡಿದ ಬೆಳಕಿನ ಬದಲು ನಡುಹಗಲಿನ ಬಿಸಿಲಿನಂಥ ಗಡುಸು ಬೆಳಕನ್ನು ಹಾಕಿದರೆ ನೆರಳಿನ ಅಂಚು ಕತ್ತರಿಸಿದಂತೆ ಚೂಪಾಗುತ್ತದೆ. ದೀಪದ ಮುಂದೆ ಕಿಟಕಿಯ ಪಟ್ಟಿ, ಮೆಟ್ಟಿಲ ಕಟಕಟೆ, ಲಿಫ್ಟಿನ ಜಾಲರಿ ಯಾವುದನ್ನಿಟ್ಟರೂ ಅದು ನೇರ ಬಂದು ಪಾತ್ರದ ಮೈಮೇಲೆ ಬೀಳುತ್ತದೆ. 'ದಿ ಮಾಲ್ಟೀಸ್ ಫಾಲ್ಕನ್' (1941) ಚಿತ್ರದ ಕೊನೆಯಲ್ಲಿ ಪೊಲೀಸರು ನಾಯಕಿಯನ್ನು ಕರೆದೊಯ್ಯುವಾಗ ಅವಳ ಮುಖದ ಮುಂದೆ ಲಿಫ್ಟಿನ ಸರಳುಬಾಗಿಲು ಮುಚ್ಚಿಕೊಳ್ಳುತ್ತದೆ. ಜೈಲನ್ನು ಬೇರೆಯಾಗಿ ತೋರಿಸುವ ಅಗತ್ಯ ಉಳಿಯುವುದಿಲ್ಲ.

ಇದು ಏಕಾಏಕಿ ಹುಟ್ಟಿದ ಶೈಲಿಯೇನೂ ಅಲ್ಲ. 1915ರಷ್ಟು ಹಿಂದೆಯೇ ಸೆಸಿಲ್ ಡೆಮಿಲ್ 'ದಿ ವಾರೆನ್ಸ್ ಆಫ್ ವರ್ಜೀನಿಯಾ' ಎಂಬ ಮೂಕಿಚಿತ್ರದಲ್ಲಿ ಪಾತ್ರದ ಅರ್ಧ ಮುಖಕ್ಕಷ್ಟೇ ಬೆಳಕು ಹಾಕಿಸಿದ್ದರು. ಡೆಮಿಲ್ ಮುಂದೆ ಹೇಳಿಕೊಳ್ಳುತ್ತಿದ್ದ ಪ್ರಕಾರ, ಅರ್ಧ ಮುಖವಷ್ಟೇ ಕಾಣುವುದಾದರೆ ಚಿತ್ರಮಂದಿರದವರು ಅರ್ಧ ಹಣವನ್ನಷ್ಟೇ ಕೊಡುತ್ತಾರೆಂದು ವ್ಯಾಪಾರ ನೋಡಿಕೊಳ್ಳುತ್ತಿದ್ದ ಸ್ಯಾಮ್ಯುಯೆಲ್ ಗೋಲ್ಡ್‌ವಿನ್ ಗಾಬರಿಯಾದರಂತೆ. ಇದು ರೆಂಬ್ರಾಂಟ್ ಶೈಲಿಯ ಬೆಳಕೆಂದು ಹೇಳಿ ಎಂದು ಡೆಮಿಲ್ ಉತ್ತರಿಸಿದರಂತೆ. ಡಚ್ ಚಿತ್ರಕಾರನ ಹೆಸರು ಕೇಳಿದ ಮೇಲೆ ತಕರಾರು ತಣ್ಣಗಾಯಿತು. ಪ್ರಸಂಗಕ್ಕೆ ಸ್ವಲ್ಪ ಉಪ್ಪುಖಾರ ಬೆರೆತಿರಬಹುದಾದರೂ ಅದರೊಳಗಿನ ಭಯ ಸುಳ್ಳಲ್ಲ. ಸ್ಟುಡಿಯೋಗಳ ಪಾಲಿಗೆ ಬೆಳಕೆಂದರೆ ಗಿರಾಕಿಗೆ ಕೊಟ್ಟ ಮಾತು. ಕಾಸು ಕೊಟ್ಟವನಿಗೆ ತಾರೆಯ ಮುಖ ಪೂರ್ತಿ ಕಾಣಲೇಬೇಕು. ಎರಡನೆಯ ದೀಪ ಹಚ್ಚದಿರುವುದೆಂದರೆ ಆ ಮಾತನ್ನು ಮುರಿದ ಹಾಗೆ.

ಹಾಗಾದರೆ 1940ರ ದಶಕದಲ್ಲಿ ಅದನ್ನು ಮುರಿಯುವ ಧೈರ್ಯ ಎಲ್ಲಿಂದ ಬಂತು? ಸಾಮಾನ್ಯವಾಗಿ ಕೊಡುವ ಉತ್ತರ ಜರ್ಮನಿ. 1920ರ 'ಡಾ. ಕ್ಯಾಲಿಗರಿ' ಚಿತ್ರದಲ್ಲಿ ನೆರಳುಗಳನ್ನು ಸೆಟ್ಟಿನ ಮೇಲೆ ಬಣ್ಣದಿಂದಲೇ ಬಳಿದಿದ್ದರು. 1931ರ 'ಎಂ' ಚಿತ್ರದಲ್ಲಿ ಫ್ರಿಟ್ಸ್ ಲಾಂಗ್ ಮಕ್ಕಳ ಕೊಲೆಗಾರನನ್ನು ಮೊದಲು ಪರಿಚಯಿಸುವುದು ಅವನ ನೆರಳಿನ ಮೂಲಕ. ಅವನ ತಲೆಗೆ ಬಹುಮಾನ ಸಾರುವ ಭಿತ್ತಿಪತ್ರದ ಮೇಲೆಯೇ ಆ ನೆರಳು ಬಂದು ಬೀಳುತ್ತದೆ. 1933ರಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದಾಗ ಲಾಂಗ್, ವೈಲ್ಡರ್, ರಾಬರ್ಟ್ ಸಿಯೋಡ್ಮಾಕ್ ಮೊದಲಾದವರು ಜರ್ಮನಿ ಬಿಟ್ಟರು, ಕಡೆಗೆ ಹಾಲಿವುಡ್ ಸೇರಿದರು. ವೈಲ್ಡರ್ ತಾಯಿ ನಾಜಿಗಳ ನರಮೇಧದಲ್ಲಿ ಸತ್ತರು. ನೆರೆಹೊರೆಯ ಸಭ್ಯ ಮನುಷ್ಯನೊಳಗೆ ಏನಿರಬಹುದೆಂಬ ಸಂಶಯ ಇಂಥವರ ಪಾಲಿಗೆ ಪುಸ್ತಕದಿಂದ ಬಂದದ್ದಲ್ಲ.

ಆದರೆ ಎಲ್ಲವನ್ನೂ ಜರ್ಮನಿಯ ಲೆಕ್ಕಕ್ಕೆ ಹಾಕುವುದು ಸರಿಯಲ್ಲ. ಸೈಟ್ಸ್ ಹುಟ್ಟಿದ್ದು ಅಮೆರಿಕದಲ್ಲಿ, ಕಸಬು ಕಲಿತದ್ದೂ ಅಲ್ಲೇ. ಯುದ್ಧದ ಪಾಲೂ ಇತ್ತು. 1942ರಲ್ಲಿ ಅಮೆರಿಕದ ಸರ್ಕಾರ ಒಂದು ಚಿತ್ರದ ಸೆಟ್ಟುಗಳಿಗೆ 5,000 ಡಾಲರಿಗಿಂತ ಹೆಚ್ಚಿನ ಹೊಸ ಸಾಮಗ್ರಿ ಬಳಸಬಾರದೆಂದು ಮಿತಿ ಹಾಕಿತು. ಅರ್ಧ ಗೋಡೆ ಕತ್ತಲೆಯಲ್ಲಿದ್ದರೆ ಅಲ್ಲಿ ಗೋಡೆಯೇ ಇಲ್ಲದಿದ್ದರೂ ನಡೆಯುತ್ತದೆ! 1938ರಲ್ಲಿ ಕೊಡಕ್ ಕಂಪನಿ ತಂದ ಹೆಚ್ಚು ಸೂಕ್ಷ್ಮವಾದ ಕಚ್ಚಾ ಫಿಲ್ಮ್ ಕಡಿಮೆ ಬೆಳಕಿನಲ್ಲೂ ಚಿತ್ರ ಹಿಡಿಯುತ್ತಿತ್ತು. ಇವೆಲ್ಲ ಒಟ್ಟಿಗೆ ಒದಗಿದ ಅನುಕೂಲಗಳು.

ಇವುಗಳಿಗಿಂತ ಮುಖ್ಯವಾದದ್ದು ಇನ್ನೊಂದಿದೆ. 1934ರಿಂದ ಹಾಲಿವುಡ್ಡಿನ ಪ್ರತಿ ಚಿತ್ರವೂ ಉದ್ಯಮ ತಾನೇ ವಿಧಿಸಿಕೊಂಡ ನೀತಿಸಂಹಿತೆಯ ಜರಡಿಯಲ್ಲಿ ಹಾದು ಬರಬೇಕಿತ್ತು. ಕೊಲೆಯ ವಿವರ ತೋರಿಸಬಾರದು, ಹಾದರವನ್ನು ಆಕರ್ಷಕವಾಗಿ ಚಿತ್ರಿಸಬಾರದು, ಅಪರಾಧಿಗೆ ಶಿಕ್ಷೆಯಾಗಲೇಬೇಕು. ಪ್ರೇಯಸಿಯ ಗಂಡನನ್ನು ವಿಮೆ ಹಣಕ್ಕಾಗಿ ಕೊಲ್ಲುವ ಏಜೆಂಟನ ಕಥೆಯಾದ 'ಡಬಲ್ ಇಂಡೆಮ್ನಿಟಿ'ಗೆ 1930ರ ದಶಕದ ಮಧ್ಯದಲ್ಲಿ ಈ ಕಚೇರಿ ಅಡ್ಡಿ ಹೇಳಿದ್ದರಿಂದಲೇ ಅದು ವರ್ಷಗಟ್ಟಲೆ ತೆರೆಗೆ ಬರಲಿಲ್ಲ. ಮಾತಿನಲ್ಲಿ ಹೇಳುವಂತಿಲ್ಲ, ಕ್ರಿಯೆಯಲ್ಲಿ ತೋರಿಸುವಂತಿಲ್ಲ. ಉಳಿದದ್ದು ಬೆಳಕು. ಚಿತ್ರಕಥೆಯ ಪುಟಗಳನ್ನು ತಿದ್ದಬಹುದು. ಒಂದು ಮುಖದ ಮೇಲೆ ಯಾವ ಪಕ್ಕದಿಂದ ನೆರಳು ಬೀಳಬೇಕೆಂಬುದನ್ನು ಕಚೇರಿಯಲ್ಲಿ ಕೂತು ತಿದ್ದುವುದು ಕಷ್ಟ.

ವೈಲ್ಡರ್ ಕೊಲೆಯನ್ನು ಹೇಗೆ ತೋರಿಸಿದರೆಂದು ನೋಡಿದರೆ ಇದು ಸ್ಪಷ್ಟವಾಗುತ್ತದೆ. ರಾತ್ರಿ ಕಾರಿನಲ್ಲಿ ಗಂಡನನ್ನು ಪಕ್ಕ ಕೂರಿಸಿಕೊಂಡು ಹೆಂಡತಿ ಫಿಲ್ಲಿಸ್ ಗಾಡಿ ಓಡಿಸುತ್ತಿದ್ದಾಳೆ. ಏಜೆಂಟ್ ನೆಫ್ ಹಿಂದಿನ ಸೀಟಿನಲ್ಲಿ ಅಡಗಿದ್ದಾನೆ. ಅವನು ಮೇಲೆದ್ದು ಕತ್ತು ಹಿಸುಕುವ ಹೊತ್ತಿಗೆ ಕ್ಯಾಮೆರಾ ಅತ್ತ ತಿರುಗುವುದೇ ಇಲ್ಲ. ಅದು ಫಿಲ್ಲಿಸ್ ಪಾತ್ರದ ಬಾರ್ಬರಾ ಸ್ಟಾನ್‌ವಿಕ್ ಮುಖದ ಮೇಲೆಯೇ ನಿಲ್ಲುತ್ತದೆ. ಪಕ್ಕದಲ್ಲಿ ಗಂಡ ಸಾಯುತ್ತಿರುವಾಗ ಅವಳು ರಸ್ತೆಯನ್ನು ನೋಡುತ್ತಾಳೆ. ಸಂಹಿತೆಯ ಅಕ್ಷರ ಪಾಲನೆಯಾಯಿತು. ಕೊಲೆಯನ್ನೇ ತೋರಿಸಿದ್ದರೂ ಇಷ್ಟು ಭಯಂಕರವಾಗಿರುತ್ತಿರಲಿಲ್ಲ.

ಜಾಕ್ ಟೂರ್ನರ್ ನಿರ್ದೇಶನದ 'ಔಟ್ ಆಫ್ ದ ಪಾಸ್ಟ್' (1947) ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಅದರ ಛಾಯಾಗ್ರಾಹಕ ನಿಕೋಲಸ್ ಮುಸುರಾಕ. ಕಾಡಿನ ನಡುವಿನ ಒಂದು ಮರದ ಮನೆಯಲ್ಲಿ ಇಬ್ಬರು ಗಂಡಸರು ಬಡಿದಾಡುತ್ತಾರೆ. ನಾಯಕಿ ಗೋಡೆಗೊರಗಿ ನೋಡುತ್ತಾಳೆ. ಹೊಡೆದಾಟದ ನೆರಳುಗಳು ಅವಳ ಮುಖದ ಮೇಲೆ ಹಾದು ಹೋಗುತ್ತವೆ. ಆ ಮುಖದಲ್ಲಿರುವುದು ಹೆದರಿಕೆಯೆಂದು ನಾಯಕ ನಂಬಿದ್ದಾನೆ. ಪ್ರೇಕ್ಷಕನಿಗೆ ಹಾಗನ್ನಿಸುವುದಿಲ್ಲ. ಅವಳು ಆ ಹೊಡೆದಾಟವನ್ನು ಸವಿಯುತ್ತಿರಬಹುದೇ? ಮರುಗಳಿಗೆಯಲ್ಲಿ ಗುಂಡು ಹಾರುತ್ತದೆ. ಹಾರಿಸಿದವಳು ಅವಳೇ. ಯಾವ ಸಂಭಾಷಣೆಯೂ ಇಲ್ಲದೆ ನೆರಳುಗಳೇ ಅವಳ ಗುಟ್ಟನ್ನು ಮೊದಲು ಹೇಳಿಬಿಟ್ಟಿರುತ್ತವೆ.

ಸಿಯೋಡ್ಮಾಕ್ ಅವರ 'ದಿ ಕಿಲ್ಲರ್ಸ್' (1946) ಚಿತ್ರದ ಆರಂಭದಲ್ಲಿ ಒಬ್ಬ ಮನುಷ್ಯ ತನ್ನನ್ನು ಕೊಲ್ಲಲು ಜನ ಬರುತ್ತಿದ್ದಾರೆಂದು ಗೊತ್ತಿದ್ದೂ ಹಾಸಿಗೆಯಿಂದ ಏಳುವುದಿಲ್ಲ. ಅದು ಬರ್ಟ್ ಲ್ಯಾಂಕಾಸ್ಟರ್ ನಟಿಸಿದ ಮೊದಲ ಚಿತ್ರ. ಹೊಸ ನಾಯಕನಟನನ್ನು ಪರಿಚಯಿಸುವಾಗ ಯಾವ ಸ್ಟುಡಿಯೋ ಆದರೂ ಅವನ ಮುಖಕ್ಕೆ ದೀಪ ಹಿಡಿಯುತ್ತಿತ್ತು. ಇಲ್ಲಿ ಅವನ ಮುಖ ಕತ್ತಲೆಯಲ್ಲಿದೆ, ದನಿ ಮಾತ್ರ ಕೇಳುತ್ತದೆ. ಬದುಕುವ ಆಸೆ ಬಿಟ್ಟವನಿಗೆ ಇನ್ನು ಮುಖವೇಕೆ ಎಂಬಂತೆ.

ಕತ್ತಲೆಯನ್ನು ಹೊಗಳುವಾಗ ಮರೆಯುವ ಸಂಗತಿಯೊಂದಿದೆ. 'ಡಬಲ್ ಇಂಡೆಮ್ನಿಟಿ'ಯಲ್ಲಿ ಕೊಲೆಯ ಸಂಚು ನಡೆಯುವುದು ಕತ್ತಲೆಯ ಓಣಿಯಲ್ಲಲ್ಲ. ದಿನಸಿ ಮಾರುವ ದೊಡ್ಡ ಅಂಗಡಿಯಲ್ಲಿ. ಡಬ್ಬಿ ಆಹಾರಗಳನ್ನು ಅಚ್ಚುಕಟ್ಟಾಗಿ ಪೇರಿಸಿದ ಕಪಾಟುಗಳ ನಡುವೆ, ಎಲ್ಲ ಮೂಲೆಗೂ ಸಮನಾಗಿ ಹರಡಿದ ಬೆಳಕಿನಲ್ಲಿ, ಸಾಮಾನು ಕೊಳ್ಳುವವರಂತೆ ನಟಿಸುತ್ತ ಇಬ್ಬರೂ ಪಿಸುಗುಡುತ್ತಾರೆ. ಮುಂದೊಮ್ಮೆ ಅದೇ ಅಂಗಡಿಗೆ ಫಿಲ್ಲಿಸ್ ಕಪ್ಪು ಕನ್ನಡಕ ಹಾಕಿಕೊಂಡು ಬರುತ್ತಾಳೆ. ಬೆಳಕು ಎಲ್ಲೆಡೆ ಇರುವ ಜಾಗದಲ್ಲಿ ಕತ್ತಲೆಯನ್ನು ಅವಳೇ ಹೊತ್ತು ತರುತ್ತಾಳೆ. ಕೆಟ್ಟದ್ದೆಲ್ಲ ರಾತ್ರಿಯಲ್ಲಿ ನಡೆಯುತ್ತದೆಂಬ ನೆಮ್ಮದಿಯನ್ನೂ ವೈಲ್ಡರ್ ಉಳಿಸುವುದಿಲ್ಲ. ಕೊನೆಯ ಭೇಟಿಯಲ್ಲಿ, ಮೊದಲು ಧೂಳು ಮಿನುಗಿದ ಅದೇ ನಡುಮನೆಯಲ್ಲಿ, ಫಿಲ್ಲಿಸ್ ದೀಪ ಆರಿಸಿ ಪಿಸ್ತೂಲನ್ನು ಆಸನದ ಮೆತ್ತೆಯ ಕೆಳಗಿಟ್ಟು ಕಾಯುತ್ತಾಳೆ. ಪಟ್ಟೆಗಳು ಈಗಲೂ ಇವೆ, ಆದರೆ ಬಿಸಿಲಿನವಲ್ಲ, ಚಂದ್ರನವು. ಈ ಕಿಟಕಿಪಟ್ಟಿಯ ನೆರಳನ್ನು ಆಮೇಲೆ ಎಷ್ಟು ಜನ ನಕಲು ಮಾಡಿದರೆಂದರೆ, ಇಂದು ಅದನ್ನು ಜಾಹೀರಾತುಗಳಲ್ಲಿ ಕಂಡು ಬೇಸರಪಟ್ಟವರಿಗೆ ಮೂಲದ ಈ ಜೋಡಿ ದೃಶ್ಯಗಳನ್ನು ನೋಡಿದಾಗ ಆಶ್ಚರ್ಯವಾದೀತು. ಸೈಟ್ಸ್‌ಗೆ ಅದು ಅಲಂಕಾರವಾಗಿರಲಿಲ್ಲ.

ಅಂದಹಾಗೆ, ಆ ವರ್ಷದ ಕಪ್ಪು ಬಿಳುಪು ಛಾಯಾಗ್ರಹಣದ ಆಸ್ಕರ್ ಸೈಟ್ಸ್‌ಗೆ ಸಿಗಲಿಲ್ಲ, 'ಲಾರಾ'ದ ಜೋಸೆಫ್ ಲಾಶೆಲ್‌ಗೆ ಹೋಯಿತು. ಆರು ವರ್ಷಗಳ ಬಳಿಕ ವೈಲ್ಡರ್ ಮತ್ತು ಸೈಟ್ಸ್ ಕೂಡಿ 'ಸನ್‌ಸೆಟ್ ಬುಲೆವಾರ್ಡ್' (1950) ಮಾಡಿದರು. ಮೂಕಿಚಿತ್ರಗಳ ಕಾಲದ, ಎಲ್ಲರೂ ಮರೆತ ತಾರೆ ನಾರ್ಮಾ ಡೆಸ್ಮಂಡ್ ಅದರಲ್ಲಿ ತನ್ನ ಹಳೆಯ ನಿರ್ದೇಶಕನನ್ನು ಕಾಣಲು ಸ್ಟುಡಿಯೋಗೆ ಬರುತ್ತಾಳೆ. ಆ ನಿರ್ದೇಶಕನ ಪಾತ್ರದಲ್ಲಿ ಸ್ವತಃ ಸೆಸಿಲ್ ಡೆಮಿಲ್ ಇದ್ದಾರೆ. ಮೇಲಿನ ಅಟ್ಟಣೆಯಲ್ಲಿ ನಿಂತ ಹಳೆಯ ದೀಪದಾಳು ಅವಳನ್ನು ಗುರುತಿಸಿ, ಅಕ್ಕರೆಯಿಂದ ಒಂದು ದೊಡ್ಡ ದೀಪವನ್ನು ಅವಳತ್ತ ತಿರುಗಿಸುತ್ತಾನೆ. ಆ ಬೆಳಕು ಬಿದ್ದಾಗಲೇ ಸುತ್ತಲಿನವರಿಗೆ ಅವಳು ಯಾರೆಂದು ಹೊಳೆಯುವುದು. ಜನ ಮುತ್ತಿಕೊಳ್ಳುತ್ತಾರೆ, ಅವಳ ಕಣ್ಣು ತುಂಬುತ್ತದೆ. ದೀಪವನ್ನು ಅದರ ಜಾಗಕ್ಕೆ ತಿರುಗಿಸೆಂದು ಡೆಮಿಲ್ ಹೇಳುತ್ತಾರೆ. ಬೆಳಕು ಸರಿಯುತ್ತದೆ, ಜನರೂ ಸರಿಯುತ್ತಾರೆ. ಒಂದು ದೀಪ ಮನುಷ್ಯನಿಗೆ ಕೊಡುವುದೇನು, ಅವನಿಂದ ಕಸಿಯುವುದೇನು ಎಂಬುದನ್ನು ಇಷ್ಟು ಸರಳವಾಗಿ ಹೇಳಿದ ದೃಶ್ಯ ನ್ವಾರ್ ಚಿತ್ರಗಳಲ್ಲೇ ಇನ್ನೊಂದಿರಲಾರದು.

ದೊಡ್ಡ ಸ್ಟುಡಿಯೋಗಳ ಮಾತು ಹೀಗಾದರೆ, ನ್ವಾರ್‌ನ ಅತ್ಯಂತ ಕಪ್ಪಾದ ಚಿತ್ರಗಳು ಹುಟ್ಟಿದ್ದು ಬಡ ಸ್ಟುಡಿಯೋಗಳಲ್ಲಿ. ಹಂಗೆರಿಯಲ್ಲಿ ಹುಟ್ಟಿ, ಅರ್ಜೆಂಟೀನಾದಲ್ಲಿ ಕೆಲಸ ಮಾಡಿ ಹಾಲಿವುಡ್ಡಿಗೆ ಮರಳಿದ್ದ ಜಾನ್ ಆಲ್ಟನ್ ಅಲ್ಲಿ ಹೆಸರಾದವರು. ಇತರರು ಒಂದು ದೃಶ್ಯಕ್ಕೆ ಹತ್ತಾರು ದೀಪ ಜೋಡಿಸುವಾಗ ಆಲ್ಟನ್ ಕೆಲವೇ ದೀಪಗಳಲ್ಲಿ, ಅದೂ ಬೇಗ ಮುಗಿಸುತ್ತಿದ್ದರು. ಅಗ್ಗದ ಚಿತ್ರಗಳ ನಿರ್ಮಾಪಕರಿಗೆ ಇದು ವರವಾಯಿತು. ಆಂಥನಿ ಮಾನ್ ಜೊತೆ ಮಾಡಿದ 'ಟಿ-ಮೆನ್' (1947), 'ರಾ ಡೀಲ್' (1948) ಚಿತ್ರಗಳಲ್ಲಿ ಎಷ್ಟೋ ಸಲ ಪಾತ್ರದ ಆಕಾರವಷ್ಟೇ ಕಾಣುತ್ತದೆ. 'ಹಿ ವಾಕ್ಡ್ ಬೈ ನೈಟ್' (1948) ಲಾಸ್ ಏಂಜಲೀಸಿನ ನೆಲದಡಿಯ ಮಳೆನೀರು ಕಾಲುವೆಗಳಲ್ಲಿ ಮುಗಿಯುತ್ತದೆ. ಪೊಲೀಸರ ಟಾರ್ಚುಗಳು ಕತ್ತಲೆಯನ್ನು ಸೀಳಿಕೊಂಡು ಬರುವಾಗ ಅಪರಾಧಿಯ ಮೇಲೆಯೇ ಕನಿಕರ ಹುಟ್ಟುತ್ತದೆ. 1949ರಲ್ಲಿ ಆಲ್ಟನ್ ಬೆಳಕಿನ ಕಸುಬಿನ ಬಗ್ಗೆ 'ಪೇಂಟಿಂಗ್ ವಿತ್ ಲೈಟ್' ಎಂಬ ಪುಸ್ತಕವನ್ನೂ ಬರೆದರು. ವಿಚಿತ್ರವೆಂದರೆ ಕತ್ತಲೆಯ ಈ ಕುಶಲಿಗೆ ಆಸ್ಕರ್ ಬಂದದ್ದು ಬಣ್ಣದ ಸಂಗೀತಚಿತ್ರ 'ಆನ್ ಅಮೆರಿಕನ್ ಇನ್ ಪ್ಯಾರಿಸ್'ನ (1951) ಬ್ಯಾಲೆ ನೃತ್ಯದ ಭಾಗಕ್ಕೆ.

ಅವರ 'ದಿ ಬಿಗ್ ಕಾಂಬೋ' (1955) ಮುಗಿಯುವುದು ವಿಮಾನ ನಿಲ್ಲಿಸುವ ಒಂದು ಕೊಟ್ಟಿಗೆಯಲ್ಲಿ. ಸೆಟ್ಟೆಂದು ಹೇಳುವಂಥದ್ದು ಅಲ್ಲಿ ಏನೂ ಇಲ್ಲ. ಮಂಜಿನ ಹೊಗೆ ಮತ್ತು ಬೆಳಕು, ಅಷ್ಟೆ. ಇಡೀ ಚಿತ್ರದುದ್ದಕ್ಕೂ ಖಳನಾಯಕನ ಹಿಡಿತದಲ್ಲಿದ್ದ ಹೆಂಗಸು ಕಾರಿನ ದೀಪವನ್ನು ಅವನ ಕಣ್ಣಿಗೇ ಹಿಡಿಯುತ್ತಾಳೆ. ಅವನು ಅತ್ತ ಓಡುತ್ತಾನೆ, ಇತ್ತ ಓಡುತ್ತಾನೆ, ಬೆಳಕು ಬಿಡುವುದಿಲ್ಲ. ಎಲ್ಲ ಮುಗಿದ ಮೇಲೆ ಎರಡು ಕಪ್ಪು ಆಕೃತಿಗಳು ಮಂಜಿನೊಳಕ್ಕೆ ನಡೆದುಹೋಗುತ್ತವೆ. ಬಡತನವನ್ನು ಮರೆಮಾಚಲು ಹಾಕಿದ ಮಂಜು ಚಿತ್ರದ ಅತ್ಯಂತ ನೆನಪಿನ ಬಿಂಬವಾಗಿಬಿಟ್ಟಿತು. ಅದೇ ವರ್ಷದ 'ಕಿಸ್ ಮಿ ಡೆಡ್ಲಿ'ಯಲ್ಲಿ ಎಲ್ಲರೂ ಬೆನ್ನಟ್ಟುವ ಒಂದು ಪೆಟ್ಟಿಗೆಯಿದೆ. ಅದನ್ನು ತೆರೆದರೆ ಒಳಗಿನಿಂದ ಉಕ್ಕುವುದು ಕಣ್ಣು ಕೋರೈಸುವ, ಸುಡುವ ಬೆಳಕು. ಹಿರೋಶಿಮಾದ ಮೇಲೆ ಬಾಂಬ್ ಬಿದ್ದು ಹತ್ತು ವರ್ಷವಾಗಿತ್ತು. ಕತ್ತಲೆಗೆ ಹೆದರಿ ಬೆಳಕಿಗೆ ಓಡುವ ದಾರಿಯನ್ನೂ ಆ ಚಿತ್ರ ಮುಚ್ಚಿತು. ಬಣ್ಣವೂ ದೂರದರ್ಶನವೂ ಆ ಹೊತ್ತಿಗೆ ಕಪ್ಪು ಬಿಳುಪನ್ನು ಮೂಲೆಗೆ ತಳ್ಳತೊಡಗಿದ್ದವು. ಆರ್ಸನ್ ವೆಲ್ಸ್‌ನ 'ಟಚ್ ಆಫ್ ಈವಿಲ್' (1958) ಬಂದ ಮೇಲೆ ಈ ಸರಣಿ ನಿಂತಿತೆಂದು ಚರಿತ್ರಕಾರರು ಸಾಮಾನ್ಯವಾಗಿ ಲೆಕ್ಕ ಹಾಕುತ್ತಾರೆ.

ಅಷ್ಟರಲ್ಲಿ ಈ ಬೆಳಕು ಮುಂಬೈ ತಲುಪಿತ್ತು. ಬೆಂಗಳೂರಿನಲ್ಲಿ ಹುಟ್ಟಿದ ಗುರುದತ್ ತಮ್ಮ ಮೊದಲ ಚಿತ್ರ 'ಬಾಜಿ'ಯನ್ನು (1951) ಜೂಜುಕೋರನೊಬ್ಬನ ಸುತ್ತ ಕಟ್ಟಿದರು. ಅದರ ಛಾಯಾಗ್ರಾಹಕರಿಗೆ ಸಹಾಯಕರಾಗಿದ್ದವರು ಮೈಸೂರಿನವರಾದ ವಿ. ಕೆ. ಮೂರ್ತಿ. ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಛಾಯಾಗ್ರಹಣ ಕಲಿತು ಮುಂಬೈಗೆ ಹೋದವರು. ಮುಂದೆ ಗುರುದತ್ ಚಿತ್ರಗಳ ಕ್ಯಾಮೆರಾ ಮೂರ್ತಿಯವರ ಕೈಗೆ ಬಂತು. 'ಆರ್ ಪಾರ್' (1954), 'ಸಿ.ಐ.ಡಿ.' (1956) ಚಿತ್ರಗಳ ರಾತ್ರಿಯ ರಸ್ತೆಗಳಲ್ಲಿ, ಅಡ್ಡೆಗಳಲ್ಲಿ ಹಾಲಿವುಡ್ಡಿನ ನೆರಳು ಎದ್ದು ಕಾಣುತ್ತದೆ. 'ಪ್ಯಾಸಾ' (1957) ಹೊತ್ತಿಗೆ ಅದು ಅಪರಾಧದ ಕಥೆಯನ್ನು ಬಿಟ್ಟು ಒಂಟಿತನದ ಭಾಷೆಯಾಗಿತ್ತು. ಇದು ಬರೀ ಅನುಕರಣೆಯಲ್ಲ. ನ್ವಾರ್‌ನಲ್ಲಿ ಕತ್ತಲೆ ಪಾಪದ ಗುರುತಾದರೆ, ಮೂರ್ತಿಯವರ ಕ್ಯಾಮೆರಾದಲ್ಲಿ ಅದು ಜಗತ್ತು ಕೈಬಿಟ್ಟವನಿಗೆ ಉಳಿದ ಜಾಗ.

'ಕಾಗಜ್ ಕೆ ಫೂಲ್' (1959) ಭಾರತದ ಮೊದಲ ಸಿನೆಮಾಸ್ಕೋಪ್ ಚಿತ್ರ. 'ಸನ್‌ಸೆಟ್ ಬುಲೆವಾರ್ಡ್'ನಂತೆ ಇದೂ ಸ್ಟುಡಿಯೋದೊಳಗಿನ ಕಥೆ, ಹೆಸರಿದ್ದು ಹೆಸರು ಕಳೆದುಕೊಂಡವರ ಕಥೆ. ಖಾಲಿ ಸ್ಟುಡಿಯೋದ ಕತ್ತಲೆಯಲ್ಲಿ ಮೇಲಿನಿಂದ ಒಂದೇ ಒಂದು ಅಗಲವಾದ ಬೆಳಕಿನ ಕೋಲು ಓರೆಯಾಗಿ ಬೀಳುತ್ತದೆ. ಪರಸ್ಪರ ಸೇರಲಾರದ ನಿರ್ದೇಶಕ ಮತ್ತು ನಟಿ ಅದರ ಎರಡು ಬದಿಗೆ ನಿಲ್ಲುತ್ತಾರೆ. ಅಂಥ ಬೆಳಕನ್ನು ಕೊಡುವ ದೀಪ ಸ್ಟುಡಿಯೋದಲ್ಲಿ ಇರಲಿಲ್ಲ. ಮೂರ್ತಿಯವರು ಹೊರಗಿನ ಬಿಸಿಲಿಗೆ ಒಂದು ದೊಡ್ಡ ಕನ್ನಡಿ ಹಿಡಿಸಿ, ಆ ಬೆಳಕನ್ನು ಒಳಗೆ ಮೇಲಿಟ್ಟ ಇನ್ನೊಂದು ಕನ್ನಡಿಗೆ ಹಾಯಿಸಿ, ಅಲ್ಲಿಂದ ಕೆಳಕ್ಕೆ ಇಳಿಸಿದರು. ಚಿತ್ರ ಸೋತಿತು. ಮೂರ್ತಿಯವರಿಗೆ ಮಾತ್ರ ಆ ಕೆಲಸಕ್ಕೆ ಫಿಲ್ಮ್‌ಫೇರ್ ಪ್ರಶಸ್ತಿ ಬಂತು. 2008ನೇ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಪಡೆದಾಗ ಆ ಗೌರವ ಸಂದ ಮೊದಲ ಛಾಯಾಗ್ರಾಹಕರೂ ಅವರಾದರು. ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದು 2014ರಲ್ಲಿ ಅಲ್ಲೇ ತೀರಿಕೊಂಡರು.

ಬಿಸಿಲನ್ನು ದೀಪವಾಗಿ ಬಳಸುವುದರಲ್ಲಿ ಒಂದು ತೊಂದರೆಯಿದೆ. ಸೂರ್ಯ ನಿಂತಲ್ಲಿ ನಿಲ್ಲುವುದಿಲ್ಲ; ಅವನು ಸರಿದಂತೆಲ್ಲ ಕನ್ನಡಿಯನ್ನೂ ಸರಿಸಬೇಕು, ಇಲ್ಲವಾದರೆ ಕೋಲು ಮೆಲ್ಲನೆ ನಟರಿಂದ ದೂರ ಜರುಗುತ್ತದೆ. ಇಂದು ಆ ಹಾಡನ್ನು ನೋಡುವವರಿಗೆ ಕನ್ನಡಿ ಕಾಣುವುದಿಲ್ಲ. ಬೆಳಕಿನ ಕೋಲಿನೊಳಗೆ ಮೆಲ್ಲನೆ ತೇಲುವ ಧೂಳು ಮಾತ್ರ ಕಾಣುತ್ತದೆ.